ಬಾಲ್ತಜಾರ್ ಸಾಲ್ವಿನ್ಸ್ ಕಂಡ ಕಲ್ಕತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿ ಕಾಲದ ಭಾರತ ಎಂದೊಡನೆ ಕೋಟೆ, ಯುದ್ಧ, ನವಾಬ, ಗವರ್ನರ್ ಜನರಲ್‌ಗಳ ಚಿತ್ರಗಳೇ ಕಣ್ಣಮುಂದೆ ಬರುತ್ತವೆ. ಅದೇ ಕಾಲದಲ್ಲಿ ನೀರು ಹೊರುವವನನ್ನು, ದೋಣಿ ನಡೆಸುವವನನ್ನು, ಹುಕ್ಕಾ ಸಿದ್ಧಪಡಿಸುವವನನ್ನು ಕೂರಿಸಿಕೊಂಡು ಚಿತ್ರ ಬರೆದ ಯುರೋಪಿನ ಕಲಾವಿದನೊಬ್ಬನಿದ್ದ. ಆತನ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ಈ ಚಿತ್ರಗಳನ್ನು ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಸಾಲ್ವಿನ್ಸ್ ಯಾರು?

ಬಾಲ್ತಜಾರ್ ಸಾಲ್ವಿನ್ಸ್ ಆಂಟ್‌ವರ್ಪ್ ಊರಿನವ. ಹುಟ್ಟಿದ್ದು 1760ರಲ್ಲಿ, ವ್ಯಾಪಾರಿ ಮನೆತನದಲ್ಲಿ. ಈಗ ಬೆಲ್ಜಿಯಂನಲ್ಲಿರುವ ಆ ಊರು ಆಗ ಆಸ್ಟ್ರಿಯಾದ ಅರಸರ ಕೈಯಲ್ಲಿತ್ತು. ಸಾಲ್ವಿನ್ಸ್ ಮೊದಲು ಹೆಸರು ಮಾಡಿದ್ದು ಸಮುದ್ರ, ಬಂದರು, ಹಡಗುಗಳ ಚಿತ್ರಕಾರನಾಗಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಂಗಾಳದ ದೋಣಿಗಳ ಮಾತು ಬಂದಾಗ ಬೇಕಾಗುತ್ತದೆ.

ಆತ 1791ರಲ್ಲಿ ಕಲ್ಕತ್ತೆಗೆ ಬಂದು 1803ರವರೆಗೆ ಅಲ್ಲೇ ಇದ್ದ. ಆಮೇಲೆ ಪ್ಯಾರಿಸ್, ಕೊನೆಗೆ ಮತ್ತೆ ಹುಟ್ಟೂರು. ತೀರಿಕೊಂಡದ್ದು 1824ರಲ್ಲಿ.

ಆತ ಬ್ರಿಟಿಷನಲ್ಲ. ಹಾಗಾದರೆ ಕಲ್ಕತ್ತೆಗೆ ಬಂದದ್ದು ಹೇಗೆ?

ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಆತ ಬರಲಿಲ್ಲ. ಹೋಮ್ ಪಾಪ್ಹಮ್ ಎಂಬ ಇಂಗ್ಲಿಷ್ ನೌಕಾಧಿಕಾರಿ ಕಂಪನಿಯ ಏಕಸ್ವಾಮ್ಯಕ್ಕೆ ಹೊರತಾಗಿ ವ್ಯಾಪಾರಕ್ಕೆಂದು ನಡೆಸುತ್ತಿದ್ದ ‘ಎತ್ರುಸ್ಕ್’ ಎಂಬ ಹಡಗನ್ನು ಹತ್ತಿ 1790ರಲ್ಲಿ ಹೊರಟ. ಊರಿನಲ್ಲಿ ಆಸ್ಟ್ರಿಯಾದ ಆಳ್ವಿಕೆಯ ವಿರುದ್ಧ ದಂಗೆ ಎದ್ದಿದ್ದ ಕಾಲವದು. ಕಲ್ಕತ್ತೆಯಲ್ಲಿ ದುಡ್ಡು ಹರಿಯುತ್ತಿದೆ, ಚಿತ್ರಕಾರರಿಗೆ ಕೈತುಂಬ ಕೆಲಸವಿದೆ ಎಂಬ ಸುದ್ದಿ ಯುರೋಪಿನಲ್ಲೆಲ್ಲ ಹಬ್ಬಿತ್ತು. ಜೊಹಾನ್ ಜೊಫಾನಿ 1783ರಿಂದ 1789ರವರೆಗೆ ಇಲ್ಲಿದ್ದು ಶ್ರೀಮಂತರ ಭಾವಚಿತ್ರ ಬರೆದು ಹಣ ಕೂಡಿಟ್ಟುಕೊಂಡು ಹೋಗಿದ್ದ.

ಸಾಲ್ವಿನ್ಸನಿಗೆ ಆ ಅದೃಷ್ಟ ಒಲಿಯಲಿಲ್ಲ. ದೊಡ್ಡವರ ಭಾವಚಿತ್ರದ ಕೆಲಸ ಸಿಗದೆ ಹೊಟ್ಟೆಪಾಡಿಗೆ ಸಿಕ್ಕಿದ್ದನ್ನೆಲ್ಲ ಮಾಡಿದ. ಹಳೆಯ ಚಿತ್ರಗಳನ್ನು ಸ್ವಚ್ಛಮಾಡಿಕೊಟ್ಟ, ಚಿತ್ರಕಲೆಯ ಪಾಠ ಹೇಳಿದ, ಸಾರೋಟು ಪಲ್ಲಕ್ಕಿಗಳಿಗೆ ಅಲಂಕಾರದ ಬಣ್ಣ ಬಳಿದ. ಆತನ ಚಿತ್ರಗಳನ್ನು ಅರ್ಥಮಾಡಿಕೊಳ್ಳಲು ಈ ಬದುಕೇ ಕೀಲಿಕೈ ಎಂಬುದು ನನ್ನ ಅನಿಸಿಕೆ. ಗವರ್ನರ್ ಜನರಲ್‌ನ ದಿವಾನಖಾನೆಗಿಂತ ಗಾಡಿ ಕಾರ್ಖಾನೆಯ ಅಂಗಳ ಆತನಿಗೆ ಹೆಚ್ಚು ಪರಿಚಯವಿತ್ತು.

ಟಿಪ್ಪುವಿನ ಮಕ್ಕಳಿಗೂ ಈತನಿಗೂ ಸಂಬಂಧವಿದೆಯಂತೆ, ಹೌದೇ?

ಹೌದು, ಪಲ್ಲಕ್ಕಿಯ ಮೂಲಕ. ಮೂರನೇ ಮೈಸೂರು ಯುದ್ಧ ಮುಗಿದಾಗ, 1792ರಲ್ಲಿ, ಟಿಪ್ಪು ತನ್ನ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಇಬ್ಬರನ್ನೂ ಒತ್ತೆಯಾಗಿ ಕಾರ್ನ್‌ವಾಲಿಸ್‌ಗೆ ಒಪ್ಪಿಸಬೇಕಾಯಿತು. ಆ ಹುಡುಗರಿಗೆ ಉಡುಗೊರೆ ಕೊಡಲೆಂದು ಕಾರ್ನ್‌ವಾಲಿಸ್ ಕಲ್ಕತ್ತೆಯಲ್ಲಿ ಎರಡು ಪಲ್ಲಕ್ಕಿ ಮಾಡಿಸಿದ. ಸ್ಟುವರ್ಟ್ ಎಂಬವರ ಪ್ರಸಿದ್ಧ ಗಾಡಿ ಕಾರ್ಖಾನೆಗಾಗಿ ಸಾಲ್ವಿನ್ಸ್ ಮಾಡಿದ ಅಲಂಕಾರದ ಕೆಲಸಗಳಲ್ಲಿ ಈ ಪಲ್ಲಕ್ಕಿಗಳೂ ಸೇರಿವೆ.

ಅದೇ ಒತ್ತೆಯ ಪ್ರಸಂಗವನ್ನು ರಾಬರ್ಟ್ ಹೋಮ್ ದೊಡ್ಡ ತೈಲಚಿತ್ರವಾಗಿ ಬರೆದ. ಆತ ಕಂಪನಿ ಸೈನ್ಯದ ಜೊತೆಯಲ್ಲೇ ನಮ್ಮ ಕಡೆಗೆ ಬಂದು ಬೆಂಗಳೂರು, ಶ್ರೀರಂಗಪಟ್ಟಣ, ಇಲ್ಲಿನ ದುರ್ಗಗಳನ್ನು ಚಿತ್ರಿಸಿಕೊಂಡವನು. ಮೈಸೂರನ್ನು ಬ್ರಿಟಿಷ್ ಚಿತ್ರಕಾರರು ಗೆದ್ದವರ ಕಣ್ಣಿನಿಂದ ನೋಡಿದರು. ನಮ್ಮ ಬೋಯಿಗಳು, ಮಗ್ಗದವರು, ಅಗಸರನ್ನು ಆ 1790ರ ದಶಕದಲ್ಲಿ ಸಾಲ್ವಿನ್ಸನಷ್ಟು ತಾಳ್ಮೆಯಿಂದ ಒಬ್ಬೊಬ್ಬರನ್ನಾಗಿ ಬರೆದಿಟ್ಟ ಯುರೋಪಿಯನ್ ನಮಗೆ ಸಿಗಲಿಲ್ಲ. ಬಂಗಾಳದ ಆ ಹಾಳೆಗಳನ್ನು ತಿರುವುವಾಗಲೆಲ್ಲ ನನಗೆ ಇದು ನೋವಿನ ವಿಷಯ.

ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕಲು ಪ್ರೇರಣೆ ಏನು?

ಸರ್ ವಿಲಿಯಂ ಜೋನ್ಸ್. 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದ ನ್ಯಾಯಾಧೀಶ, ಸಂಸ್ಕೃತ ಪಂಡಿತ. ಸೊಸೈಟಿಯವರು ಗ್ರಂಥಗಳಲ್ಲಿ ಹುಡುಕುತ್ತಿದ್ದ ಭಾರತವನ್ನು ಬೀದಿಯಲ್ಲಿ ಕಾಣುವಂತೆ ಚಿತ್ರಿಸಬೇಕೆಂಬ ಹಂಬಲ ಸಾಲ್ವಿನ್ಸನಿಗೆ ಹುಟ್ಟಿತು. 250 ಎಚ್ಚಿಂಗ್‌ಗಳ ಯೋಜನೆಯನ್ನು 1794ರಲ್ಲಿ ಪ್ರಕಟಿಸಿ ಚಂದಾದಾರರನ್ನು ಕರೆದ. ಜೋನ್ಸ್ ತೀರಿಕೊಂಡದ್ದೂ ಅದೇ ವರ್ಷ. ಸಂಗ್ರಹ 1796ರಿಂದ ಹೊರಬರತೊಡಗಿ, ಪೂರ್ತಿ 250 ಚಿತ್ರಗಳ ಆವೃತ್ತಿ 1799ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾಯಿತು.

ಎಚ್ಚಿಂಗ್ ಎಂದರೇನು? ಪೇಂಟಿಂಗ್‌ಗೂ ಅದಕ್ಕೂ ಏನು ವ್ಯತ್ಯಾಸ?

ತಾಮ್ರದ ತಗಡಿಗೆ ಮೇಣದಂಥ ಲೇಪ ಕೊಟ್ಟು, ಅದರ ಮೇಲೆ ಸೂಜಿಮೊನೆಯಿಂದ ಗೀಚುತ್ತಾರೆ. ತಗಡನ್ನು ತೇಜಾಬಿನಲ್ಲಿ ಮುಳುಗಿಸಿದಾಗ ಗೀಚಿದ ಕಡೆ ಮಾತ್ರ ತಾಮ್ರ ಕೊರೆದುಹೋಗುತ್ತದೆ. ಆ ಗೆರೆಗಳಲ್ಲಿ ಮಸಿ ತುಂಬಿ, ಉಳಿದ ಮೇಲ್ಮೈ ಒರೆಸಿ, ಒದ್ದೆ ಮಾಡಿದ ಕಾಗದ ಹಾಸಿ ಯಂತ್ರದಲ್ಲಿ ಒತ್ತಿದರೆ ಚಿತ್ರ ಮೂಡುತ್ತದೆ. ಒಂದೇ ತಗಡಿನಿಂದ ಹಲವು ಪ್ರತಿ ತೆಗೆಯಬಹುದು, ಆದರೆ ಬಣ್ಣವನ್ನು ಪ್ರತಿಯೊಂದು ಹಾಳೆಗೂ ಕೈಯಿಂದಲೇ ತುಂಬಬೇಕು. 250 ತಗಡು, ಪ್ರತಿ ತಗಡಿಗೂ ಅಷ್ಟಷ್ಟು ಪ್ರತಿ, ಪ್ರತಿ ಪ್ರತಿಗೂ ಕುಂಚದ ಕೆಲಸ. ಕಲ್ಕತ್ತೆಯ ಸೆಕೆ, ಮಳೆಗಾಲದ ತೇವದಲ್ಲಿ ಇದನ್ನು ವರ್ಷಗಟ್ಟಲೆ ನಡೆಸಿದ ಮನುಷ್ಯನ ಹಟಕ್ಕೆ ಕೈಮುಗಿಯಬೇಕು.

ಇನ್ನೊಂದು ಮಾತು. ತಗಡಿನಲ್ಲಿ ಬರೆದದ್ದು ಕಾಗದದ ಮೇಲೆ ಎಡಬಲ ತಿರುಗಿ ಬೀಳುತ್ತದೆ. ಕಲಾವಿದ ಮುಂಚಿತವಾಗಿ ತಿರುಗಿಸಿ ಬರೆಯದಿದ್ದರೆ ಬಲಗೈಯವ ಎಡಗೈಯವನಾಗುತ್ತಾನೆ. ಹೀಗಾಗಿ ವಾದ್ಯವನ್ನು ಯಾವ ಕೈಯಲ್ಲಿ ಹಿಡಿಯುತ್ತಿದ್ದರು ಎಂಬುದಕ್ಕೆ ಇಂಥ ಮುದ್ರಿತ ಚಿತ್ರವೊಂದನ್ನೇ ಸಾಕ್ಷಿಯಾಗಿ ತೋರಿಸಬಾರದು.

ಆ 250 ಚಿತ್ರಗಳಲ್ಲಿ ಏನೇನಿದೆ?

ಜಾತಿಗಳು ಮತ್ತು ಕಸುಬುಗಳಿಂದ ಶುರುವಾಗುತ್ತದೆ. ಆಮೇಲೆ ಮನೆಯಾಳುಗಳು, ಉಡುಪುಗಳು, ಸಾಧು-ಫಕೀರರು, ಪಲ್ಲಕ್ಕಿ-ಗಾಡಿಗಳು, ದೋಣಿಗಳು, ಹೊಗೆ ಸೇದುವ ಬಗೆಗಳು, ವಾದ್ಯಗಳು, ಹಬ್ಬ-ಜಾತ್ರೆಗಳು, ಸಾವಿನ ವಿಧಿಗಳು.

ಚಿತ್ರಗಳ ಕಟ್ಟು ಬಹುಪಾಲು ಒಂದೇ ರೀತಿಯದು. ಮುಂದೆ ಒಬ್ಬ ಮನುಷ್ಯ, ಕೈಯಲ್ಲೋ ಕಾಲಬಳಿಯೋ ಅವನ ಕಸುಬಿನ ಸಲಕರಣೆ. ಹಿಂದೆ, ಚಿಕ್ಕದಾಗಿ, ಅದೇ ಕಸುಬು ನಡೆಯುತ್ತಿರುವ ಜಾಗ. ಮೊದಲು ಮುಂದಿನವನನ್ನು ನೋಡಿ ಮುಗಿಸಿ, ಆಮೇಲೆ ಹಿನ್ನೆಲೆಗೆ ಕಣ್ಣು ಹಾಯಿಸಿ. ಗುಡಿಸಲಿನ ಕಟ್ಟೋಣ, ಅಂಗಳದ ಮಡಕೆ, ಮರದಡಿ ಕೂತವರು, ಎಲ್ಲ ಅಲ್ಲಿರುತ್ತಾರೆ. ನನಗಂತೂ ಹೆಚ್ಚು ಹೊತ್ತು ಹಿಡಿಯುವುದು ಆ ಹಿನ್ನೆಲೆಯೇ.

ಮನೆಯಾಳುಗಳ ಭಾಗ ಬಹಳ ಸಮೃದ್ಧವಾಗಿದೆ. ಒಬ್ಬ ಸಾಹೇಬನ ಮನೆ ನಡೆಯಲು ಎಷ್ಟು ಜನ ಬೇಕಿತ್ತು ನೋಡಿ: ದಿನಸಿ-ಊಟದ ಉಸ್ತುವಾರಿಗೆ ಖಾನ್ಸಾಮ, ಲೆಕ್ಕಕ್ಕೆ ಸರ್ಕಾರ್, ಓಲೆ ಒಯ್ಯಲು ಹರ್ಕಾರ, ಬೆಳ್ಳಿಕೋಲು ಹಿಡಿದು ಮುಂದೆ ನಡೆಯಲು ಚೋಬ್ದಾರ, ರಾತ್ರಿ ದೀವಟಿಗೆಗೆ ಮಶಾಲ್ಚಿ, ತೊಗಲಚೀಲದಲ್ಲಿ ನೀರು ತರಲು ಭಿಸ್ತಿ, ಹುಕ್ಕಾಕ್ಕೆಂದೇ ಹುಕ್ಕಾಬರದಾರ. ಆಬ್ದಾರ ಎಂಬವನ ಕೆಲಸ ಕುಡಿಯುವುದನ್ನು ತಂಪುಮಾಡುವುದು. ಮಂಜುಗಡ್ಡೆ ಸುಲಭಕ್ಕೆ ಸಿಗದ ಆ ಕಾಲದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಬಾಟಲಿಯನ್ನು ಆಡಿಸಿ ಆಡಿಸಿ ತಣ್ಣಗೆ ಮಾಡುತ್ತಿದ್ದರು. ಶ್ರೀಮಂತರ ಔತಣದ ಚಿತ್ರಗಳಲ್ಲಿ ಈ ಜನ ಕುರ್ಚಿಯ ಹಿಂದೆ ನೆರಳಾಗಿ ನಿಂತಿರುತ್ತಾರೆ. ಸಾಲ್ವಿನ್ಸನಲ್ಲಿ ಕುರ್ಚಿಯೂ ಇಲ್ಲ, ಸಾಹೇಬನೂ ಇಲ್ಲ. ಹಾಳೆಯ ನಡುವೆ ನಿಂತಿರುವವನು ಆಳೇ.

ದೋಣಿಯ ಚಿತ್ರಗಳನ್ನು ಎಲ್ಲರೂ ಹೊಗಳುವುದೇಕೆ?

ಬರೆದವನಿಗೆ ದೋಣಿ ಗೊತ್ತಿತ್ತು, ಅದಕ್ಕೆ. ಬಂದರಿನ ಊರಲ್ಲಿ ಹುಟ್ಟಿ ಹಡಗು ಬರೆದು ಬೆಳೆದವನಿಗೆ ಹಗ್ಗ ಎಲ್ಲಿ ಕಟ್ಟುತ್ತಾರೆ, ಭಾರ ಎಲ್ಲಿ ಕೂರುತ್ತದೆ, ಗಾಳಿ ಹಾಯಿಯನ್ನು ಯಾವ ಕಡೆ ಉಬ್ಬಿಸುತ್ತದೆ ಎಂಬುದು ಕಣ್ಣಿಗೆ ತಾನಾಗಿ ಬೀಳುತ್ತದೆ.

ಬಜ್ರಾ ಎಂಬ ದೊಡ್ಡ ಪ್ರಯಾಣದ ದೋಣಿಯನ್ನೇ ತೆಗೆದುಕೊಳ್ಳಿ. ಹಿಂಭಾಗ ಎತ್ತರಕ್ಕೆ ಏರಿರುತ್ತದೆ, ಅಲ್ಲಿ ಚುಕ್ಕಾಣಿಯವ. ನಡುವಿನಿಂದ ಹಿಂದಕ್ಕೆ ಕಿಟಕಿಗಳಿರುವ ಕೋಣೆ, ಅದು ಪ್ರಯಾಣಿಕರಿಗೆ. ಹುಟ್ಟು ಹಾಕುವವರು ಮುಂದುಗಡೆ ಬಯಲಿನಲ್ಲಿ. ಕಂಪನಿಯ ಅಧಿಕಾರಿಗಳು ಗಂಗೆಯ ಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಇಂಥ ದೋಣಿಯಲ್ಲಿ ಹೋಗುತ್ತಿದ್ದರು. ಪಕ್ಕದಲ್ಲೇ ಪಟೇಲಾ ಎಂಬ ಸರಕಿನ ದೋಣಿಯನ್ನು ಇಟ್ಟು ನೋಡಿ: ತಳ ಚಪ್ಪಟೆ, ಬದಿಯ ಹಲಗೆಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಏರಿಕೊಂಡಿರುತ್ತವೆ. ಬಂಗಾಳದ ಇತರ ದೋಣಿಗಳಲ್ಲಿ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ನಯವಾಗಿ ಜೋಡಿಸುವುದು ಹೆಚ್ಚು. ಈ ವ್ಯತ್ಯಾಸ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನವಿಲಿನ ಮೂತಿಯ ಮೋರ್‌ಪಂಖಿ, ಸಣ್ಣ ಡಿಂಗಿ, ಪಾನ್ಸಿ, ಉಲಾಖ್, ಹೀಗೆ ಸಾಲು ಬೆಳೆಯುತ್ತದೆ. ಇವುಗಳಲ್ಲಿ ಹಲವು ಬಗೆ ಈಗ ನೀರಿನ ಮೇಲೆ ಇಲ್ಲ. ಅವುಗಳನ್ನು ಕಟ್ಟುತ್ತಿದ್ದ ಬಗೆಯನ್ನು ತಿಳಿಯಲು ನೌಕಾ ಇತಿಹಾಸಕಾರರು ಸಾಲ್ವಿನ್ಸನ ಹತ್ತಿರ ಹೋಗುತ್ತಾರೆ.

ಸಂಗೀತದವರಿಗೆ ಇದರಲ್ಲಿ ಏನಿದೆ?

ಬಹಳಷ್ಟಿದೆ. ಬೀನ್ (ರುದ್ರವೀಣೆ), ತಂಬೂರ, ಸಾರಂಗಿ, ಸಿತಾರ್, ತಬಲಾ, ಬಗೆಬಗೆಯ ಢೋಲು, ಕೊಂಬು, ತಾಳಗಳನ್ನು ಆತ ನುಡಿಸುವವರ ಸಮೇತ ಬರೆದ. ವಾದ್ಯವನ್ನು ಬರಿದೇ ಗೋಡೆಗೆ ತೂಗುಹಾಕಿದಂತೆ ಬರೆಯದೆ ಕೂತ ಭಂಗಿ, ಹೆಗಲಿನ ಮೇಲೆ ವಾದ್ಯದ ಸೋರೆಬುರುಡೆ ಇಡುವ ರೀತಿ, ಬೆರಳು ಬೀಳುವ ಜಾಗ ಎಲ್ಲವನ್ನೂ ತೋರಿಸಿದ. ಹಿಂದೂಸ್ತಾನಿ ಸಂಗೀತದಲ್ಲಿ ತಬಲಾ, ಸಿತಾರ್‌ಗಳು ಈಗಿನ ರೂಪಕ್ಕೆ ಬರುತ್ತಿದ್ದ ಕಾಲವದು. ವರ್ಷ ಗೊತ್ತಿರುವ, ಊರು ಗೊತ್ತಿರುವ ಚಿತ್ರ ಸಿಗುವುದು ಸಂಶೋಧಕರಿಗೆ ದೊಡ್ಡ ಆಸರೆ.

ಸತಿ, ಸಿಡಿ ಮುಂತಾದವನ್ನು ಯಾಕೆ ಬರೆದ? ಭಾರತವನ್ನು ಹೀಗಳೆಯಲೆಂದೇ?

ಈ ಪ್ರಶ್ನೆಯಲ್ಲಿ ಸಿಟ್ಟಿರುತ್ತದೆ, ಆ ಸಿಟ್ಟಿಗೆ ಕಾರಣವೂ ಇದೆ. ಸಹಗಮನವನ್ನು ಯುರೋಪಿಯನ್ನರು ಬರೆದದ್ದರಲ್ಲಿ ಬಹುಪಾಲು ರೋಚಕತೆಗಾಗಿ ಬರೆದದ್ದು. ಸಾಲ್ವಿನ್ಸ್ ಕೂಡ ಅದನ್ನು ಬಿಡಲಿಲ್ಲ: ಸಹಗಮನ, ಅನುಗಮನ (ಗಂಡನ ದಹನವಾದ ಮೇಲೆ ಹೆಂಡತಿ ಬೇರೆಯಾಗಿ ಚಿತೆಯೇರುವುದು), ಹೆಣ ಹೂಳುವ ಜೋಗಿ ಸಮುದಾಯದಲ್ಲಿ ಹೆಂಡತಿಯನ್ನೂ ಗಂಡನ ಜೊತೆ ಮಣ್ಣುಮಾಡುವ ಪದ್ಧತಿ, ಎಲ್ಲ ಅಲ್ಲಿವೆ. ಕಂಪನಿ ಸರ್ಕಾರ ಬಂಗಾಳದಲ್ಲಿ ಸತಿಯನ್ನು ನಿಷೇಧಿಸಿದ್ದು 1829ರಲ್ಲಿ. ಆತ ಬರೆಯುವ ಹೊತ್ತಿಗೆ ಅದು ಕಣ್ಣೆದುರಿನ ಸಂಗತಿ.

ಚೈತ್ರದ ಕೊನೆಯಲ್ಲಿ ಬಂಗಾಳದಲ್ಲಿ ನಡೆಯುವ ಚರಕ್ ಹಬ್ಬದ ಚಿತ್ರ ನಮ್ಮವರಿಗೆ ಹೊಸತಲ್ಲ. ಬೆನ್ನಿಗೆ ಕೊಕ್ಕೆ ಸಿಕ್ಕಿಸಿಕೊಂಡು ಕಂಬದ ತುದಿಯಲ್ಲಿ ತಿರುಗುವುದನ್ನು ನಮ್ಮ ಕಡೆ ಸಿಡಿ ಎನ್ನುತ್ತಾರೆ. ಅಮ್ಮನ ಜಾತ್ರೆಗಳಲ್ಲಿ ಸಿಡಿ ಹಾಯ್ದ ನೆನಪು ಕರ್ನಾಟಕದ ಎಷ್ಟೋ ಊರುಗಳಲ್ಲಿ ಇನ್ನೂ ಇದೆ, ಕೆಲವೆಡೆ ಕೊಕ್ಕೆಯಿಲ್ಲದೆ ಬಟ್ಟೆ ಕಟ್ಟಿ ತಿರುಗಿಸುವ ರೂಪದಲ್ಲಿ ಉಳಿದಿದೆ ಕೂಡ.

ನನ್ನ ಅಭಿಪ್ರಾಯ ಇಷ್ಟು: ಈ ನಾಲ್ಕಾರು ಹಾಳೆಗಳನ್ನಷ್ಟೇ ಕಿತ್ತು ತೋರಿಸಿದರೆ ಅನ್ಯಾಯ. ಕುಂಬಾರ, ನೇಕಾರ, ಅಂಬಿಗ, ದರ್ಜಿಗಳ ಮಧ್ಯೆ ಅವು ಎಲ್ಲಿ ಕೂತಿವೆಯೋ ಅಲ್ಲಿಟ್ಟು ನೋಡಬೇಕು.

ಹೆಂಗಸರ ಚಿತ್ರಗಳು ಇವೆಯೇ?

ಇವೆ, ಆದರೆ ಗಂಡಸರಿಗೆ ಹೋಲಿಸಿದರೆ ಕಡಿಮೆ. ಆಯಾ, ನರ್ತಕಿಯರು, ಬೀದಿಯಲ್ಲಿ ದುಡಿಯುವ ಹೆಂಗಸರನ್ನು ಆತ ಕಂಡು ಬರೆದಿರಬಹುದು. ಉಳ್ಳವರ ಮನೆಯ ಅಂತಃಪುರದೊಳಕ್ಕೆ ಯುರೋಪಿನ ಗಂಡಸಿಗೆ ಪ್ರವೇಶವಿರಲಿಲ್ಲ. ಅಂಥ ಹೆಂಗಸರ ಚಿತ್ರಗಳನ್ನು ನಂಬುವಾಗ ಎರಡು ಸಲ ಯೋಚಿಸಿ.

ಇವು ‘ಹಿಂದೂಗಳ’ ಚಿತ್ರಗಳೇ? ಇಡೀ ಭಾರತದ್ದೇ?

ಪುಸ್ತಕದ ಶೀರ್ಷಿಕೆ ಇವು ಹಿಂದೂಗಳ ಆಚಾರ, ಉಡುಪುಗಳ ಚಿತ್ರಗಳು ಎನ್ನುತ್ತದೆ, ಹಾಳೆಗಳು ಬೇರೆ ಹೇಳುತ್ತವೆ. ಆತ ಕಂಡದ್ದು ಬಂಗಾಳ, ಅದರಲ್ಲೂ ಕಲ್ಕತ್ತೆ ಮತ್ತು ಹೂಗ್ಲಿಯ ಆಸುಪಾಸು. ದುಡಿಯಲು ಬಂದ ಹೊರಗಿನವರೂ ಇದ್ದಾರೆ, ಉದಾಹರಣೆಗೆ ಪಲ್ಲಕ್ಕಿ ಹೊರುವ ಒಡಿಯಾ ಬೋಯಿಗಳು. ಮುಸ್ಲಿಮರೂ ಇದ್ದಾರೆ, ಸಿಖ್ಖರೂ ಇದ್ದಾರೆ. ಸಿಖ್ಖರನ್ನು ಕುರಿತ ಎರಡು ಎಚ್ಚಿಂಗ್‌ಗಳು ಆ ಸಮುದಾಯದ ಅತಿ ಹಳೆಯ ಮುದ್ರಿತ ಚಿತ್ರಗಳಲ್ಲಿ ಸೇರುತ್ತವೆ. ಬಂಗಾಳದ ನೇಕಾರನನ್ನು ನೋಡಿ ‘ಭಾರತದ ನೇಕಾರ ಹೀಗಿದ್ದ’ ಎಂದು ಬರೆದರೆ ಅದು ಇಳಕಲ್ಲಿನವನಿಗೂ ಅನ್ಯಾಯ, ಬಂಗಾಳದವನಿಗೂ ಅನ್ಯಾಯ.

ಜಾತಿಯ ವಿಷಯದಲ್ಲಿ ಈ ಚಿತ್ರಗಳನ್ನು ಎಷ್ಟು ನಂಬಬಹುದು?

ಸಲಕರಣೆ, ಬಟ್ಟೆ, ಕೂರುವ ನಿಲ್ಲುವ ರೀತಿಯ ಬಗ್ಗೆ ಸಾಕಷ್ಟು ನಂಬಬಹುದು. ಯಾರು ಮೇಲು, ಯಾರು ಕೆಳಗೆ ಎಂದು ಆತ ಹಾಕಿದ ಸಾಲನ್ನು ನಂಬಬಾರದು.

ಜನರನ್ನು ಬ್ರಾಹ್ಮಣರಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದು ಆ ಕಾಲದ ಯುರೋಪಿಯನ್ ಪಂಡಿತರ ಅಭ್ಯಾಸ. ಊರಿಂದ ಊರಿಗೆ ಬದಲಾಗುವ, ಜಗಳ ತಕರಾರುಗಳಲ್ಲಿ ಏರಿಳಿಯುವ ಸ್ಥಾನಮಾನಗಳನ್ನು ಒಂದೇ ಪಟ್ಟಿಯಲ್ಲಿ ಗಟ್ಟಿಮಾಡಿ ಇಟ್ಟುಬಿಟ್ಟರು. ಮುಂದೆ 19ನೇ ಶತಮಾನದಲ್ಲಿ ಕ್ಯಾಮೆರಾ ಬಂದ ಮೇಲೆ ಸರ್ಕಾರವೇ ಜಾತಿ-ಬುಡಕಟ್ಟುಗಳ ಫೋಟೋ ಸಂಪುಟಗಳನ್ನು ತಂದಿತು, ಜನಗಣತಿಯಲ್ಲಿ ಜಾತಿಗಳನ್ನು ಸಾಲಾಗಿ ನಿಲ್ಲಿಸಿತು. ಆ ದಾರಿಯ ಆರಂಭದಲ್ಲಿ ಸಾಲ್ವಿನ್ಸನೂ ಇದ್ದಾನೆ.

ಇನ್ನೂ ಬೇಸರ ತರುವುದು ಹೆಸರಿಲ್ಲದಿರುವುದು. ‘ಕಮ್ಮಾರ’, ‘ಅಗಸ’, ‘ಭಿಸ್ತಿ’ ಎಂಬ ಕಸುಬಿನ ಹೆಸರಿದೆ, ಎದುರು ನಿಂತ ಮನುಷ್ಯನ ಹೆಸರಿಲ್ಲ. ಅದೇ ಊರಿನಲ್ಲಿ ಭಾವಚಿತ್ರ ಬರೆಸಿಕೊಂಡ ಪ್ರತಿಯೊಬ್ಬ ಸಾಹೇಬನಿಗೂ ಹೆಸರಿದೆ. ಹೀಗಿದ್ದೂ ಕೆಲವು ಮುಖಗಳು ಯಾವ ಮಾದರಿಗೂ ಒಗ್ಗುವುದಿಲ್ಲ. ದಣಿವು, ಅನುಮಾನ, ಬಿಗುಮಾನ ಅವುಗಳಲ್ಲಿ ಉಳಿದುಕೊಂಡಿವೆ. ಅದಕ್ಕೇ ನಾನು ಈ ಕೆಲಸವನ್ನು ತಳ್ಳಿಹಾಕಲಾರೆ.

ಪುಸ್ತಕ ಯಾಕೆ ಸೋತಿತು?

ಕೊಳ್ಳುವವರಿಗೆ ಬೇಕಿದ್ದುದು ಬೇರೆ. ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಇಂಗ್ಲಿಷ್ ಚಿತ್ರಕಾರರು ಭಾರತ ಸುತ್ತಿ ಹೋಗಿ, 1795ರಿಂದ 1808ರವರೆಗೆ ಲಂಡನ್ನಿನಲ್ಲಿ ಹೊರತಂದ 144 ದೃಶ್ಯಗಳಲ್ಲಿ ಗುಡಿ, ಕೋಟೆ, ಜಲಪಾತ, ಹೊಂಬಿಸಿಲು ಎಲ್ಲ ಇತ್ತು. ಮನುಷ್ಯರು ಅಲ್ಲಿ ಗುಡಿಯ ಎತ್ತರ ತೋರಿಸಲು ಇಟ್ಟ ಚುಕ್ಕೆಗಳು. ಯುರೋಪಿನ ಗೋಡೆಗಳಿಗೆ ಅದು ಒಪ್ಪಿತು. ಸಾಲ್ವಿನ್ಸನ ಗೆರೆ ಒರಟು, ಬಣ್ಣ ಮಣ್ಣಿನದು, ಮನುಷ್ಯರು ಸೊಗಸುಗಾರರಲ್ಲ. ಕಂಡದ್ದನ್ನು ಕಂಡಂತೆ ಬರೆದಿದ್ದೇನೆ ಎಂಬುದು ಆತನ ಹೆಮ್ಮೆ. ಆ ನಿಷ್ಠೆಯನ್ನು ಹಣ ಕೊಟ್ಟು ಕೊಳ್ಳುವವರು ಆಗ ಇರಲಿಲ್ಲ.

ಗಾಯದ ಮೇಲೆ ಬರೆ ಎಂಬಂತೆ, ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಓರ್ಮ್ 1804-05ರಲ್ಲಿ ಈತನ ಚಿತ್ರಗಳನ್ನು ಅನುಮತಿಯಿಲ್ಲದೆ ಎತ್ತಿಕೊಂಡು, ತಿದ್ದಿ ನಯಮಾಡಿ, ಹೊಳೆಯುವ ಬಣ್ಣ ಹಚ್ಚಿ 60 ಚಿತ್ರಗಳ ಪುಸ್ತಕ ತಂದ. ಅದು ಜನಪ್ರಿಯವಾಯಿತು.

ಪ್ಯಾರಿಸ್ಸಿನಲ್ಲಾದರೂ ಗೆದ್ದನೇ?

ಇಲ್ಲ. ಯುರೋಪಿಗೆ ಮರಳಿದ ಮೇಲೆ ಮೇರಿ ಆ್ಯನ್ ಗ್ರೀನ್‌ವುಡ್ ಎಂಬ ಇಂಗ್ಲಿಷ್ ಹೆಣ್ಣುಮಗಳನ್ನು ಮದುವೆಯಾದ. ಆಕೆಯ ಹಣದ ಬೆಂಬಲದಿಂದ ತಗಡುಗಳನ್ನೆಲ್ಲ ಹೊಸದಾಗಿ ಕೊರೆದು 1808ರಿಂದ 1812ರವರೆಗೆ ನಾಲ್ಕು ಭಾರಿ ಸಂಪುಟಗಳನ್ನು ತಂದ. 288 ಚಿತ್ರಗಳು, ಅವುಗಳಲ್ಲಿ 36 ಎರಡು ಪುಟದಗಲದವು, ಜೊತೆಗೆ ಫ್ರೆಂಚ್ ಮತ್ತು ಇಂಗ್ಲಿಷ್ ವಿವರಣೆ. ನೆಪೋಲಿಯನ್ನನ ಯುದ್ಧಗಳ ನಡುವೆ ಅಷ್ಟು ದುಬಾರಿ ಪುಸ್ತಕ ಕೊಳ್ಳುವವರು ಯಾರು? ಆಕೆಯ ಹಣ ಅದರಲ್ಲೇ ಕರಗಿತು. ಮುಂದೆ ನೆದರ್ಲೆಂಡ್ಸಿನ ದೊರೆ ಒಂದನೇ ವಿಲಿಯಂ ಆತನನ್ನು ಆಂಟ್‌ವರ್ಪ್ ಬಂದರಿನ ಅಧಿಕಾರಿಯಾಗಿ ನೇಮಿಸಿದ. ಹೀಗೆ ಕೊನೆಯ ವರ್ಷಗಳು ಹಡಗುಗಳ ನಡುವೆಯೇ ಕಳೆದವು.

‘ಕಂಪನಿ ಶೈಲಿ’ಯ ಚಿತ್ರಗಳೂ ಇವೂ ಒಂದೆಯೇ?

ಅಲ್ಲ. ಕಂಪನಿ ಶೈಲಿ ಎಂದರೆ ಭಾರತೀಯ ಕಲಾವಿದರು ಯುರೋಪಿಯನ್ ಗಿರಾಕಿಗಳಿಗಾಗಿ ಬರೆದದ್ದು. ಮುರ್ಷಿದಾಬಾದ್, ಪಾಟ್ನಾ, ತಂಜಾವೂರುಗಳಲ್ಲಿ ಕಸುಬುಗಳ ಸರಣಿಚಿತ್ರಗಳು ರಾಶಿರಾಶಿಯಾಗಿ ಮಾರಾಟವಾದವು. ವಿಷಯ ಒಂದೇ ಆದ್ದರಿಂದ ಗೊಂದಲವಾಗುತ್ತದೆ.

ಈಗ ಎಲ್ಲಿ ನೋಡಬಹುದು? ಹಳೆಯ ಪ್ರಿಂಟ್ ಮಾರಾಟಕ್ಕಿದ್ದರೆ ಹೇಗೆ ಗುರುತಿಸುವುದು?

ಕಲ್ಕತ್ತೆ ಆವೃತ್ತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪ್ಯಾರಿಸ್ ಸಂಪುಟಗಳ ಚಿತ್ರಗಳನ್ನು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಡಿಜಿಟಲ್ ಸಂಗ್ರಹದಲ್ಲಿ ದುಡ್ಡು ಕೊಡದೆ ದೊಡ್ಡದು ಮಾಡಿ ನೋಡಬಹುದು. ಮೊಬೈಲಿಗಿಂತ ಕಂಪ್ಯೂಟರ್ ಪರದೆಯಲ್ಲಿ ನೋಡಿದರೆ ಹಿನ್ನೆಲೆಯ ವಿವರಗಳು ದಕ್ಕುತ್ತವೆ.

ಮಾರುಕಟ್ಟೆಯಲ್ಲಿ ಸಾಲ್ವಿನ್ಸನ ಹೆಸರಿನಲ್ಲಿ ಸಿಗುವ ಹಾಳೆ ಓರ್ಮ್‌ನದಾಗಿರುವ ಸಾಧ್ಯತೆ ಇರುತ್ತದೆ. ಬಣ್ಣ ಗಾಢವಾಗಿ ಮಿನುಗುತ್ತಿದ್ದರೆ, ಮೈಕಟ್ಟು ಯುರೋಪಿನ ಶಿಲ್ಪದಂತೆ ತಿದ್ದಿದಂತಿದ್ದರೆ ಅನುಮಾನಿಸಿ. ಹಾಳೆಯ ಕೆಳ ಅಂಚಿನಲ್ಲಿ ಪ್ರಕಾಶಕನ ಹೆಸರು, ವರ್ಷ, ಊರು ಇದ್ದರೆ ಅದನ್ನು ಮೊದಲು ಓದಿ. ಲಂಡನ್ ಎಂದಿದ್ದರೆ ಅದು ಸಾಲ್ವಿನ್ಸನ ಕೈಯ ಎಚ್ಚಿಂಗ್ ಅಲ್ಲ.